47 ದಿನದ ಹಡಗು ಪ್ರಯಾಣ: ಎಷ್ಟು ಬ್ಲೇಡು, ಎಷ್ಟು ಕ್ರೀಮು ಬೇಕಾದೀತು?

ತಲಘಟ್ಟಪುರದ ತಾತ
ಭಾನುವಾರ, ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ನಗಬೇಡಿ. ಮನೆಯಲ್ಲಿ ಆಗಲೇ ನಕ್ಕಾಗಿದೆ.

ನನಗೆ 66. ಬ್ಯಾಂಕಿನಿಂದ ರಿಟೈರ್ ಆಗಿ ಆರು ವರ್ಷ ಆಯಿತು. ಮಗಳು ಸಿಡ್ನಿಯಲ್ಲಿದ್ದಾಳೆ. ಅವಳೂ ಅಳಿಯನೂ ಸೇರಿ ನಮ್ಮಿಬ್ಬರಿಗೆ ಕ್ರೂಸ್ ಟಿಕೆಟ್ ಮಾಡಿಸಿಬಿಟ್ಟಿದ್ದಾರೆ. ಸಿಂಗಾಪುರದಲ್ಲಿ ಹಡಗು ಹತ್ತಬೇಕು. ಬಾಲಿ, ಡಾರ್ವಿನ್, ಬ್ರಿಸ್ಬೇನ್, ಆಕ್ಲೆಂಡ್, ಆಮೇಲೆ ಫಿಜಿ, ಸಮೋವಾ ಅಂತ ಸುತ್ತಿ ಕೊನೆಗೆ ಸಿಡ್ನಿಯಲ್ಲಿ ಇಳಿಯಬೇಕು. ಒಟ್ಟು 47 ರಾತ್ರಿ. ನಾನು ಇದುವರೆಗೆ ನೀರಿನ ಮೇಲೆ ಕೂತಿರುವುದು ಹೊಗೇನಕಲ್ಲಿನ ಹರಿಗೋಲಿನಲ್ಲಿ ಮಾತ್ರ. ಅದೂ ಅರ್ಧ ಗಂಟೆ, ಕಣ್ಣು ಮುಚ್ಚಿಕೊಂಡು.

ಬಟ್ಟೆಬರೆ, ಮಾತ್ರೆ, ಇನ್ಶೂರೆನ್ಸು ಎಲ್ಲ ಮಗಳು ಪಟ್ಟಿ ಮಾಡಿ ಕಳಿಸಿದ್ದಾಳೆ. ಗಡ್ಡದ ವಿಷಯ ಪಟ್ಟಿಯಲ್ಲಿಲ್ಲ. ಅದು ನನ್ನದೇ ತಲೆನೋವು.

ನನ್ನ ಪದ್ಧತಿ ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಶೇವಿಂಗ್. ಮಂಗಳವಾರ ಮಾತ್ರ ಇಲ್ಲ. ಮಂಗಳವಾರ ನಮ್ಮೂರ ಕಟಿಂಗ್ ಶಾಪುಗಳಿಗೇ ರಜ, ನಮ್ಮಪ್ಪನೂ ಅವತ್ತು ಬ್ಲೇಡು ಮುಟ್ಟುತ್ತಿರಲಿಲ್ಲ, ನಾನೂ ಮುಟ್ಟುವುದಿಲ್ಲ. ರೇಜರ್ ಅಪ್ಪನದೇ. ಹಿತ್ತಾಳೆಯದು. ಹಿಡಿಯ ಮೇಲಿನ ಬೆಳ್ಳಿ ಬಣ್ಣವೆಲ್ಲ ಹೋಗಿ, ಹೆಬ್ಬೆರಳು ಕೂರುವ ಜಾಗ ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ಬುಡ ತಿರುಗಿಸಿದರೆ ತಲೆ ಎರಡು ಬಾಗಿಲ ಹಾಗೆ ತೆರೆದುಕೊಳ್ಳುತ್ತದೆ. ಒಳಗೆ ಟೋಪಾಜ್ ಬ್ಲೇಡು. ಮೂವತ್ತು ವರ್ಷದಿಂದ ಅದೊಂದೇ ನನ್ನ ಮುಖಕ್ಕೆ ಆಗಿಬರುವುದು. ಟ್ಯೂಬಿನ ಕ್ರೀಮು, ಬ್ರಷ್ಷು, ಹಿಂಡಾಲಿಯಂ ಲೋಟದಲ್ಲಿ ಬಿಸಿನೀರು.

ಹೋದಲ್ಲೇ ಕೊಂಡುಕೊಂಡರಾಯಿತು ಎನ್ನುವವರಿಗೆ ಒಂದು ಕಥೆ. 2018ರಲ್ಲಿ ಗ್ರೂಪ್ ಟೂರಿನಲ್ಲಿ ಯುರೋಪಿಗೆ ಹೋಗಿದ್ದೆವು. ಶೇವಿಂಗ್ ಚೀಲವನ್ನು ಕೈಬ್ಯಾಗಿನಲ್ಲಿಟ್ಟಿದ್ದೆ. ಸೆಕ್ಯುರಿಟಿಯಲ್ಲಿ ಬ್ಲೇಡೆಲ್ಲ ತೆಗೆಸಿದರು. ತಪ್ಪು ನನ್ನದೇ, ಅವರದ್ದಲ್ಲ. ಅಲ್ಲಿ ಹೋಟೆಲಿನ ಅಂಗಡಿಯಲ್ಲಿ ಬಳಸಿ ಬಿಸಾಡುವ ರೇಜರ್ ಕೊಂಡೆ. ಎರಡೇ ದಿನಕ್ಕೆ ಕುತ್ತಿಗೆಯೆಲ್ಲ ಕೆಂಪು ಗುಳ್ಳೆ ಎದ್ದು ಹಲಸಿನ ಸಿಪ್ಪೆ ಆಯಿತು. ಐಫೆಲ್ ಟವರ್ ಮುಂದೆ ತೆಗೆಸಿದ ಫೋಟೋದಲ್ಲಿ ಜೂನ್ ತಿಂಗಳ ಬಿಸಿಲಿನಲ್ಲಿ ನಾನೊಬ್ಬನೇ ಮಫ್ಲರ್ ಸುತ್ತಿಕೊಂಡು ನಿಂತಿದ್ದೇನೆ.

ಇನ್ನೊಂದು ವಿಷಯ. ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳುವಾಗಿಡುವ ಮಾತ್ರೆ ನಡೆಯುತ್ತಿದೆ. ಸಣ್ಣ ಗೀರು ಬಿದ್ದರೂ ಹತ್ತು ನಿಮಿಷ ಒಸರುತ್ತದೆ. ಅಲ್ಲಾಡುವ ಹಡಗಿನಲ್ಲಿ ಬ್ಲೇಡು ಹಿಡಿಯಬಹುದಾ?

ಎಷ್ಟು ಬ್ಲೇಡು, ಎಷ್ಟು ಟ್ಯೂಬು ಒಯ್ಯಲಿ? ನಾನು ಮೂವತ್ತು ಬ್ಲೇಡು, ಐದು ಟ್ಯೂಬು ಎಂದೆ. ನನ್ನಾಕೆ "ಹಡಗಿನಲ್ಲಿ ಅಂಗಡಿ ಇಡ್ತೀರಾ?" ಎಂದಳು.

---

ಸೋಮಾರಿ ಗಡ್ಡ
ಭಾನುವಾರ, ಬೆಳಿಗ್ಗೆ 8:02

ಸರ್, ಗಡ್ಡ ಬಿಟ್ಟುಬಿಡಿ. 47 ದಿನಕ್ಕೆ ಒಳ್ಳೆ ಋಷಿಗಳ ಹಾಗೆ ಆಗ್ತೀರಿ. ಖರ್ಚು ಸೊನ್ನೆ.

---

ತಲಘಟ್ಟಪುರದ ತಾತ
ಭಾನುವಾರ, ಬೆಳಿಗ್ಗೆ 8:15

ಪಾಸ್‌ಪೋರ್ಟ್ ಫೋಟೋದಲ್ಲಿ ನುಣ್ಣಗಿದ್ದೇನಪ್ಪ. ಮೇಲಾಗಿ ಲಾಕ್‌ಡೌನಿನಲ್ಲಿ ಒಂದು ಸಲ ಬಿಟ್ಟಿದ್ದೆ. ಎಡಗೆನ್ನೆಯಲ್ಲಿ ರೂಪಾಯಿ ಅಗಲದ ಜಾಗದಲ್ಲಿ ಕೂದಲೇ ಬರಲಿಲ್ಲ. ಮೊಮ್ಮಗ ವಿಡಿಯೋ ಕಾಲಿನಲ್ಲಿ "ತಾತ, ಇಲಿ ತಿಂತಾ?" ಎಂದು ಕೇಳಿದ.

---

ಟೂಲ್‌ರೂಮ್ ರಿಟೈರ್ಡ್
ಭಾನುವಾರ, ಬೆಳಿಗ್ಗೆ 9:40

ರಾಯರೇ, ಬ್ಲೇಡಿನ ಲೆಕ್ಕ ನಾನು ಹೇಳುತ್ತೇನೆ. ಜಾಲಹಳ್ಳಿ ಕಡೆ ಫ್ಯಾಕ್ಟರಿಯಲ್ಲಿ 34 ವರ್ಷ ಅಲಗು ಮಸೆಯುವುದೇ ನನ್ನ ಕೆಲಸವಾಗಿತ್ತು.

47 ದಿನದಲ್ಲಿ ಆರೋ ಏಳೋ ಮಂಗಳವಾರ ಕಳೆದರೆ ಸುಮಾರು 40 ಶೇವ್. ಒಂದು ಬ್ಲೇಡಿಗೆ ನಾಲ್ಕು ಶೇವ್ ಹಿಡಿಯಿರಿ. ಹತ್ತು ಬ್ಲೇಡಾಯಿತು. ಕೆಳಗೆ ಬಿದ್ದದ್ದು, ಒದ್ದೆಯಾದದ್ದು ಅಂತ ಐದು ಜಾಸ್ತಿ. ಹದಿನೈದು. ಐದರ ಮೂರು ಪ್ಯಾಕೆಟ್ ಒಟ್ಟು ಸೇರಿಸಿದರೂ ಬೆಂಕಿಪೊಟ್ಟಣದಷ್ಟು ಜಾಗ ಹಿಡಿಯುವುದಿಲ್ಲ. ಮನೆಯವರು ಬೇಡ ಎನ್ನುತ್ತಿರುವುದು ಬ್ಲೇಡಿಗಲ್ಲ, ನಿಮ್ಮ ಐದು ಟ್ಯೂಬಿಗೆ ಇರಬೇಕು.

ಉಳಿತಾಯ ಮಾಡುತ್ತೇನೆ ಅಂತ ಒಂದೇ ಬ್ಲೇಡನ್ನು ಎಂಟು ದಿನ ಎಳೆಯಬೇಡಿ. ಮೊಂಡಾದ ಬ್ಲೇಡು ಕೊಯ್ದಷ್ಟು ಹೊಸ ಬ್ಲೇಡು ಕೊಯ್ಯುವುದಿಲ್ಲ. ಮೊಂಡಾದಾಗ ನಾವು ಒತ್ತಿ ಎಳೆಯುತ್ತೇವೆ, ಅಲ್ಲೇ ರಕ್ತ. ನಿಮ್ಮಂಥ ಮಾತ್ರೆಯವರು ಮೂರು ದಿನಕ್ಕೇ ಬದಲಾಯಿಸಿದರೂ ನಷ್ಟವಿಲ್ಲ. ಆಗಲೂ ಹದಿನಾಲ್ಕು ಬ್ಲೇಡು ಸಾಕು.

ಗಡ್ಡದ ಕೂದಲು ಎಷ್ಟು ಮೆತ್ತಗೆ, ಉಕ್ಕು ಎಷ್ಟು ಗಟ್ಟಿ, ಆದರೂ ಅಲಗು ಹೇಗೆ ಹಾಳಾಗುತ್ತದೆ ಅಂತ ನನಗೆ ಮೊದಲಿನಿಂದ ಕುತೂಹಲ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಒಳಗೇ ಕೂದಲು ಕತ್ತರಿಸಿ ನೋಡಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಅಲಗಿನ ತುದಿಯಲ್ಲಿ ಸಣ್ಣ ಸಣ್ಣ ಚಕ್ಕೆ ಏಳುತ್ತವೆ. ಕೂದಲು ಬಾಗಿ ಓರೆಯಾಗಿ ತಗುಲಿದಾಗ, ಉಕ್ಕಿನ ಒಳಗಿನ ಹದ ಒಂದೇ ಸಮ ಇಲ್ಲದ ಕಡೆ ಚಕ್ಕೆ ಹಾರುತ್ತದೆ. ಅಂದರೆ ಚಾಕು ಸವೆದ ಹಾಗಲ್ಲ, ಕಪ್ಪಿನ ಅಂಚು ಒಡೆದ ಹಾಗೆ. ಅದಕ್ಕೇ ಒಂದು ದಿನ ಚೆನ್ನಾಗಿದ್ದ ಬ್ಲೇಡು ಮಾರನೇ ದಿನ ಇದ್ದಕ್ಕಿದ್ದಂತೆ ಕೂದಲು ಕೀಳುತ್ತದೆ. ಕೂದಲು ನೆನೆದಷ್ಟೂ ಒಳ್ಳೆಯದು. ಸ್ನಾನ ಆದ ಮೇಲೆ ಶೇವ್ ಮಾಡಿ, ಕಾಫಿ ಆದ ಮೇಲೆ ಅಲ್ಲ.

ನಿಮ್ಮಪ್ಪ ಗಾಜಿನ ಲೋಟದ ಒಳಗೆ ಬ್ಲೇಡು ಉಜ್ಜುತ್ತಿದ್ದರಾ? ನಮ್ಮಪ್ಪ ಉಜ್ಜುತ್ತಿದ್ದರು. ಬ್ಲೇಡಿನ ಮೇಲೆ ಎರಡು ಬೆರಳಿಟ್ಟು, ಲೋಟದ ಒಳಗೋಡೆಗೆ ಒತ್ತಿ, ಆ ಕಡೆ ಈ ಕಡೆ. ಕೀಚ್ ಕೀಚ್ ಸದ್ದು ಕೇಳಿದರೆ ಎದ್ದೇಳುವ ಹೊತ್ತಾಯಿತು ಅಂತ ಲೆಕ್ಕ.

---

ಕಡಲಕಾಗೆ
ಭಾನುವಾರ, ಮಧ್ಯಾಹ್ನ 2:25

ತಾತ, ನಾನು ಮರೈನ್ ಎಂಜಿನಿಯರ್. ಸರಕು ಹಡಗು, ಕ್ರೂಸ್ ಅಲ್ಲ. ಊರು ಕುಂದಾಪುರ, ಮನೆ ಈಗ ವಿಜಯನಗರದಲ್ಲಿ. ವರ್ಷದಲ್ಲಿ ಆರು ತಿಂಗಳು ನೀರಿನ ಮೇಲೇ ಶೇವಿಂಗ್. ನಮ್ಮಲ್ಲಿ ಗಡ್ಡ ಬಿಡುವವರು ಕಡಿಮೆ. ಬೆಂಕಿ ಬಿದ್ದಾಗ ಹಾಕುವ ಉಸಿರಾಟದ ಮಾಸ್ಕ್ ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ, ಹೊಗೆ ಒಳಗೆ ಬರುತ್ತದೆ.

ನೀವು ಕೇಳದ ಒಂದು ಪ್ರಶ್ನೆ ಇದೆ: ನೀರು. ತಲಘಟ್ಟಪುರ ಎಂದರೆ ನಿಮ್ಮದು ಬೋರ್ ನೀರಾ, ಕಾವೇರಿಯಾ? ಬೋರ್ ಆದರೆ ಅದರಲ್ಲಿ ಸುಣ್ಣದಂಶ ಜಾಸ್ತಿ. ಸೋಪು ಅದರ ಜೊತೆ ಸೇರಿ ಮೊಸರು ಒಡೆದ ಹಾಗೆ ಆಗುತ್ತದೆ, ನೊರೆ ಏಳುವುದಿಲ್ಲ. ನಾವು ಮತ್ತೆ ಮತ್ತೆ ಟ್ಯೂಬ್ ಹಿಂಡುತ್ತೇವೆ. ಹಡಗಿನಲ್ಲಿ ಹಾಗಲ್ಲ. ಅಲ್ಲಿನ ನೀರನ್ನು ಬಹುಪಾಲು ಸಮುದ್ರದಿಂದಲೇ ಮಾಡುತ್ತೇವೆ. ಇಂಜಿನ್ನಿನ ಶಾಖ ಹೇಗೂ ಸುಮ್ನೆ ಹೋಗುತ್ತಿರುತ್ತದಲ್ಲ, ಅದರಿಂದಲೇ ಕಡಲ ನೀರು ಕಾಯಿಸುವುದು. ಪಾತ್ರೆಯೊಳಗಿನ ಗಾಳಿ ಎಳೆದು ಒತ್ತಡ ಇಳಿಸಿರುತ್ತೇವೆ. ಹಾಗಾಗಿ 100 ಡಿಗ್ರಿ ಬೇಕಿಲ್ಲ, 50 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಆ ಆವಿ ತಣ್ಣಗಾದರೆ ನಲ್ಲಿ ನೀರು. ಕ್ರೂಸ್ ಹಡಗುಗಳಲ್ಲಿ ಇದರ ಜೊತೆಗೆ ಆರ್‌ಒ ಯಂತ್ರವೂ ಇರುತ್ತದೆ, ನಿಮ್ಮ ಅಡುಗೆಮನೆಯಲ್ಲಿರುವುದರ ಅಣ್ಣ. ಎರಡರಲ್ಲೂ ಸುಣ್ಣ ಹೋಗಿಬಿಡುತ್ತದೆ. ಮೊದಲ ದಿನ ಮನೆಯ ಅಳತೆಯಲ್ಲೇ ಕ್ರೀಮು ಹಾಕಿದರೆ ನೊರೆ ಕಿವಿವರೆಗೆ ಬರುತ್ತದೆ.

ಟ್ಯೂಬ್ ಲೆಕ್ಕಕ್ಕೆ ಯಾರ ಮಾತೂ ನಂಬಬೇಡಿ, ನನ್ನದೂ ಸೇರಿ. ಅಡುಗೆಮನೆ ತಕ್ಕಡಿಯಲ್ಲಿ ಈ ಭಾನುವಾರ ಟ್ಯೂಬ್ ತೂಗಿ, ಮುಂದಿನ ಭಾನುವಾರ ತೂಗಿ.

ಅಲ್ಲಾಟದ ವಿಷಯ. ಕ್ರೂಸ್ ಹಡಗು ದೊಡ್ಡದು, ಅಲ್ಲಾಟ ತಗ್ಗಿಸಲು ಪಕ್ಕದಲ್ಲಿ ರೆಕ್ಕೆ ಇರುತ್ತದೆ, ಬಹುಪಾಲು ದಿನ ಗೊತ್ತೇ ಆಗುವುದಿಲ್ಲ. ಆದರೆ ಆಸ್ಟ್ರೇಲಿಯಾ ನ್ಯೂಜಿಲೆಂಡ್ ನಡುವಿನ ಟಾಸ್ಮನ್ ಸಮುದ್ರ ಸ್ವಲ್ಪ ತರಲೆ. ಅಲ್ಲಿ ಒರಟು ಅನ್ನಿಸಿದ ದಿನ ಶೇವ್ ಬಿಟ್ಟುಬಿಡಿ, ಯಾರೂ ಬೈಯುವುದಿಲ್ಲ. ಮಾಡಲೇಬೇಕು ಎಂದರೆ ಕಾಲು ಅಗಲ ಮಾಡಿ ನಿಲ್ಲಿ, ಸೊಂಟವನ್ನು ಸಿಂಕಿಗೆ ಆನಿಸಿ, ರೇಜರ್ ಹಿಡಿದ ಕೈಯ ಮೊಣಕೈಯನ್ನು ಗೋಡೆಗೆ ಒರಗಿಸಿ. ಕ್ಯಾಬಿನ್ನಿನ ಬಾತ್‌ರೂಮು ಎಷ್ಟು ಚಿಕ್ಕದು ಎಂದರೆ ಮೊಣಕೈ ತಾನಾಗಿಯೇ ಗೋಡೆಗೆ ತಾಗುತ್ತದೆ.

ಒಂದು ಪಟಿಕದ ತುಂಡು ಇಟ್ಟುಕೊಳ್ಳಿ. ಶೇವ್ ಆದ ಮೇಲೆ ಒದ್ದೆ ಮುಖಕ್ಕೆ ಉಜ್ಜಿ, ಗೀರು ಬಿದ್ದ ಕಡೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಉರಿಯುತ್ತದೆ, ಆದರೆ ಸಣ್ಣ ಗೀರಿನ ರಕ್ತ ಬೇಗ ಕಟ್ಟುತ್ತದೆ. ನಿಮ್ಮ ಮಾತ್ರೆಯ ವಿಷಯ ಡಾಕ್ಟರ ಹತ್ತಿರ ಒಂದು ಮಾತು ಕೇಳಿ.

---

ಮಲ್ಲಿಗೆಬಳ್ಳಿ
ಭಾನುವಾರ, ರಾತ್ರಿ 9:05

ಅಂಕಲ್, ನಾನು ಅತ್ತೆ ಮಾವನ ಜೊತೆ ಕ್ರೂಸ್ ಹೋಗಿ ಬಂದವಳು. ಮಾವನದೂ ಇದೇ ಗೋಳು, ಅದಕ್ಕೇ ಬರೆಯುತ್ತಿದ್ದೇನೆ.

ಬಿಡಿ ಬ್ಲೇಡು ದೊಡ್ಡ ಸೂಟ್‌ಕೇಸಿನಲ್ಲೇ ಹೋಗಬೇಕು, ಅದು ನಿಮಗೆ ಈಗ ಗೊತ್ತು. ರೇಜರಿನ ಒಳಗೆ ಬ್ಲೇಡು ಸಿಕ್ಕಿಕೊಂಡಿಲ್ಲ ಅಂತ ಒಂದು ಸಲ ಬಾಗಿಲು ತೆರೆದು ನೋಡಿ. ಮಾವನದು ಹಾಗೇ ಆಗಿತ್ತು. ಕ್ರೀಮು ಕೈಬ್ಯಾಗಿನಲ್ಲಿಟ್ಟರೆ 100 ಎಂಎಲ್ ಒಳಗಿನ ಟ್ಯೂಬೇ ಆಗಬೇಕು, ಅರ್ಧ ಖಾಲಿ ಆಗಿದೆ ಎಂದರೂ ದೊಡ್ಡ ಟ್ಯೂಬ್ ಬಿಡುವುದಿಲ್ಲ. 70 ಗ್ರಾಮಿನದು ತೊಂದರೆಯಿಲ್ಲ. ಅಳಿಯ ಪ್ರೀತಿಯಿಂದ ಫೋಮಿನ ಡಬ್ಬ ಕೊಟ್ಟರೆ ಒಂದೊಂದು ಡಬ್ಬ ಅರ್ಧ ಲೀಟರ್ ಮೀರಬಾರದು. ಆದರೆ ಅದು ಯಾಕೆ, ಸುಮ್ನೆ ಜಾಗ ದಂಡ.

ಹಡಗು ಹತ್ತುವ ದಿನ ಸೂಟ್‌ಕೇಸನ್ನು ಬಂದರಿನಲ್ಲೇ ಅವರ ಕೈಗೆ ಕೊಡಬೇಕು. ರೂಮಿಗೆ ಬರುವುದು ಸಂಜೆಯೋ ರಾತ್ರಿಯೋ. ಅವತ್ತು ಬೆಳಿಗ್ಗೆ ಹೋಟೆಲಿನಲ್ಲೇ ಶೇವ್ ಮುಗಿಸಿಕೊಳ್ಳಿ. ಸಿಂಗಾಪುರಕ್ಕೆ ಒಂದು ದಿನ ಮೊದಲೇ ಹೋಗಿ. ವಿಮಾನದಲ್ಲಿ ಸೂಟ್‌ಕೇಸ್ ತಪ್ಪಿದರೆ ಹಡಗು ನಿಮ್ಮ ಬ್ಲೇಡಿಗೆ ಕಾಯುವುದಿಲ್ಲ. ಹಾಗೆ ಆದರೂ ಗಾಬರಿ ಬೇಡ, ಅಲ್ಲಿ ಲಿಟ್ಲ್ ಇಂಡಿಯಾದಲ್ಲಿ ಮುಸ್ತಫಾ ಸೆಂಟರ್ ಇದೆ. ನಮ್ಮ ಚಿಕ್ಕಪೇಟೆಯನ್ನೇ ಒಂದು ಕಟ್ಟಡದೊಳಗೆ ಮಡಚಿ ಇಟ್ಟ ಹಾಗಿದೆ. ನಮ್ಮ ಕಡೆಯ ಸೋಪು, ಪುಡಿ, ಎಣ್ಣೆ ಎಲ್ಲ ಸಿಗುತ್ತದೆ.

ಹಡಗಿನ ಅಂಗಡಿ ನಂಬಬೇಡಿ. ವಾಚು, ಸೆಂಟು, ಚಾಕೊಲೇಟು ಬೇಕಾದಷ್ಟು. ಶೇವಿಂಗ್ ಸಾಮಾನು ಒಂದೋ ಎರಡೋ ತರಹ, ಬೆಲೆ ಕೇಳಿದರೆ ಗಡ್ಡ ತಾನೇ ಉದುರುತ್ತದೆ. ಹಡಗು ಬಂದರಿನಲ್ಲಿ ನಿಂತಾಗ ಸಾಮಾನ್ಯವಾಗಿ ಅಂಗಡಿ ಮುಚ್ಚಿರುತ್ತದೆ.

ಬ್ರಷ್ಷು ಪ್ರಾಣಿಯ ಕೂದಲಿನದಾ? ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಮರ, ಪ್ರಾಣಿ ಮೂಲದ ವಸ್ತು ಇದ್ದರೆ ಫಾರ್ಮಿನಲ್ಲಿ ಬರೆದು ತೋರಿಸಬೇಕು. ಮುಚ್ಚಿಟ್ಟರೆ ದಂಡ. ನೈಲಾನಿನದು ಒಂದು ಕೊಂಡುಬಿಡಿ, ಬೇಗ ಒಣಗುತ್ತದೆ ಕೂಡ.

ಕೊನೆಗೆ ಒಂದು ಕೋರಿಕೆ. ಹಳೇ ಬ್ಲೇಡನ್ನು ರೂಮಿನ ಕಸದ ಬುಟ್ಟಿಗೆ ಹಾಗೇ ಹಾಕಬೇಡಿ. ದಿನಾ ಅದನ್ನು ಕೈಯಲ್ಲಿ ಖಾಲಿ ಮಾಡುವ ಹುಡುಗ ಒಬ್ಬ ಇರುತ್ತಾನೆ. ಖಾಲಿ ಇಂಗಿನ ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿ, ಅದರೊಳಗೆ ಹಾಕುತ್ತಾ ಹೋಗಿ.

---

ತಲಘಟ್ಟಪುರದ ತಾತ
ಎರಡು ವಾರದ ನಂತರ, ಭಾನುವಾರ, ಬೆಳಿಗ್ಗೆ 10:30

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಕಡಲಕಾಗೆಯವರು ಹೇಳಿದ್ದನ್ನು ಮಾಡಿಯೇ ಬರೆಯೋಣ ಎಂದುಕೊಂಡೆ.

ನಮ್ಮಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತದ ಸುದ್ದಿ 2024ರ ಅಕ್ಟೋಬರ್‌ನಿಂದ ಕೇಳುತ್ತಿದ್ದೇವೆ. ಬೀದಿಗೆ ಪೈಪೂ ಬಂದಿದೆ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಈಗಲೂ ಬೋರ್ ನೀರೇ ಜಾಸ್ತಿ. ಬಕೆಟ್ಟಿನ ಒಳಗೆ ಬಿಳಿ ಪಟ್ಟೆ ಕಟ್ಟಿರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಮೊದಲ ವಾರ ಬೋರ್ ನೀರು. ನನ್ನಾಕೆ ಸಾರಿನ ಪುಡಿಗೆ ಮೆಣಸಿನಕಾಯಿ ತೂಗುವ ತಕ್ಕಡಿಯಲ್ಲಿ ಟ್ಯೂಬ್ ಇಟ್ಟೆ. ಮುಚ್ಚಳ ಸೇರಿ 83 ಗ್ರಾಂ. ಮುಂದಿನ ಭಾನುವಾರ 74. ಆರು ಶೇವಿಗೆ ಒಂಬತ್ತು ಗ್ರಾಂ. ಅಂದರೆ ಒಂದಕ್ಕೆ ಒಂದೂವರೆ. 40 ಶೇವಿಗೆ 60 ಗ್ರಾಂ. ಐದು ಟ್ಯೂಬ್ ಎಂದವನು ನಾನು! ಒಂದೇ ಟ್ಯೂಬ್ ಮುಗಿಯುವುದಿಲ್ಲ.

ಎರಡನೇ ವಾರ ಹನುಮಂತನಗರದ ತಂಗಿ ಮನೆಯಿಂದ ಐದು ಲೀಟರ್ ಕ್ಯಾನಿನಲ್ಲಿ ಕಾವೇರಿ ನೀರು ತಂದೆ. ತಂಗಿ ಗಂಡ "ಏನ್ ಭಾವ, ಗಂಗಾಜಲನಾ?" ಎಂದರು. ತಂದದ್ದು ಸಾರ್ಥಕವಾಯಿತು. ಬೋರ್ ನೀರಿನಲ್ಲಿ ಬ್ರಷ್ಷು ಆಡಿಸಿದರೆ ಕೆನ್ನೆಯ ಮೇಲೆ ಸುಣ್ಣ ಬಳಿದ ಹಾಗೆ ತೆಳ್ಳಗೆ ಅಂಟಿ, ಗಲ್ಲಕ್ಕೆ ಬರುವಷ್ಟರಲ್ಲಿ ಒಣಗಿರುತ್ತಿತ್ತು. ಈ ನೀರಿನಲ್ಲಿ ಅದೇ ಬ್ರಷ್ಷು ಹತ್ತು ಸುತ್ತು ತಿರುಗುವಷ್ಟರಲ್ಲಿ ದೋಸೆ ಹಿಟ್ಟು ಉಬ್ಬಿದ ಹಾಗೆ ನೊರೆ. ಬಸವನಗುಡಿಯಲ್ಲಿ ಅಪ್ಪ ಶೇವ್ ಮಾಡುವಾಗ ನನ್ನ ಮೂಗಿಗೆ ಒಂದು ಚಿಟಿಕೆ ನೊರೆ ಹಚ್ಚುತ್ತಿದ್ದರು. ಆ ನೊರೆ ಹೀಗೇ ಇತ್ತು. ನಾನು ಇಷ್ಟು ದಿನ ಕಂಪನಿಯವರು ಕ್ರೀಮಿನ ಗುಣ ಕೆಡಿಸಿದ್ದಾರೆ ಎಂದುಕೊಂಡು ಬೈಯುತ್ತಿದ್ದೆ. ಪಾಪ.

ಈ ವಾರ 74ರಿಂದ 69ಕ್ಕೆ ಇಳಿದಿದೆ. ಐದೇ ಗ್ರಾಂ. ಕುತ್ತಿಗೆಯ ಗುಳ್ಳೆಯೂ ಕಡಿಮೆ. ಟೂಲ್‌ರೂಮ್ ಅವರ ಮಾತಿನಂತೆ ಸ್ನಾನ ಆದ ಮೇಲೆ ಶೇವ್, ಮೂರು ದಿನಕ್ಕೆ ಹೊಸ ಬ್ಲೇಡು. ಎರಡು ವಾರದಲ್ಲಿ ಒಂದೇ ಗೀರು, ಅದೂ ಫೋನ್ ಬಂತು ಅಂತ ತಿರುಗಿದ್ದಕ್ಕೆ. ಪಟಿಕ ಗ್ರಂದಿಗೆ ಅಂಗಡಿಯಲ್ಲಿ ಸಿಕ್ಕಿತು. ಡಾಕ್ಟರನ್ನೂ ಕೇಳಿದೆ. ಮಾತ್ರೆ ನಿಲ್ಲಿಸುವ ಹಾಗಿಲ್ಲ, ಪಟಿಕ ಹಚ್ಚಿಕೊಳ್ಳಬಹುದು, ಹದಿನೈದು ನಿಮಿಷವಾದರೂ ರಕ್ತ ನಿಲ್ಲದಿದ್ದರೆ ಹಡಗಿನ ಡಾಕ್ಟರಿಗೆ ತೋರಿಸಿ ಎಂದರು. ಟೂಲ್‌ರೂಮ್ ಅವರೇ, ಅಪ್ಪ ಲೋಟದಲ್ಲಿ ಉಜ್ಜುತ್ತಿದ್ದರು. ಆ ಲೋಟ ಈಗಲೂ ಇದೆ, ಹಲ್ಲಿನ ಬ್ರಷ್ ಇಡುತ್ತೇವೆ.

ಈಗ ಒಂದೇ ಅನುಮಾನ ಉಳಿದಿದೆ. ಹಡಗಿನವರು ಕಳಿಸಿದ ವೇಳಾಪಟ್ಟಿಯಲ್ಲಿ ಸಮೋವಾದ ಅಪಿಯಾ ಆದ ಮೇಲೆ ಪಾಗೊ ಪಾಗೊ ಅಂತ ಊರಿದೆ. ಅಪಿಯಾ ಮಂಗಳವಾರ. ಪಾಗೊ ಪಾಗೊ ಕೂಡ ಮಂಗಳವಾರ, ಅದೇ ತಾರೀಕು. ಅಚ್ಚಿನ ತಪ್ಪಾ?

---

ಕಡಲಕಾಗೆ
ಭಾನುವಾರ, ಬೆಳಿಗ್ಗೆ 11:12

ತಪ್ಪಲ್ಲ ತಾತ, ನಿಮ್ಮ ಅದೃಷ್ಟ. ಆ ಎರಡು ಊರಿನ ನಡುವೆ ಅಂತರರಾಷ್ಟ್ರೀಯ ದಿನರೇಖೆ ಇದೆ. ಒಂದೇ ರಾತ್ರಿಯ ದಾರಿ. ಗಡಿಯಾರದಲ್ಲಿ ಗಂಟೆ ಬದಲಾಗುವುದಿಲ್ಲ, ತಾರೀಕು ಮಾತ್ರ ಒಂದು ದಿನ ಹಿಂದಕ್ಕೆ. ಮೊದಲು ಎರಡೂ ಕಡೆ ಒಂದೇ ವಾರ ಇತ್ತು. ಅಪಿಯಾದವರು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಜೊತೆ ವ್ಯಾಪಾರಕ್ಕೆ ಅನುಕೂಲ ಆಗಲಿ ಅಂತ 2011ರ ಡಿಸೆಂಬರ್ 30, ಶುಕ್ರವಾರವನ್ನೇ ಕ್ಯಾಲೆಂಡರಿನಿಂದ ತೆಗೆದುಹಾಕಿ ರೇಖೆಯ ಈ ಕಡೆ ಬಂದರು. ಗುರುವಾರ ಮಲಗಿ ಶನಿವಾರ ಎದ್ದರು. ಪಾಗೊ ಪಾಗೊ ಅಮೆರಿಕದ ಕೈಯಲ್ಲಿದೆ, ಅದು ಆ ಕಡೆಯೇ ಉಳಿಯಿತು.

ಸಿಡ್ನಿಗೆ ವಾಪಸ್ ಬರುವಾಗ ಒಂದು ದಿನ ಮಾಯವಾಗುತ್ತದೆ. ಅದು ಯಾವ ವಾರ ನೋಡಿಕೊಳ್ಳಿ.

---

ತಲಘಟ್ಟಪುರದ ತಾತ
ಭಾನುವಾರ, ಮಧ್ಯಾಹ್ನ 12:40

ನೋಡಿದೆ. ಮಾಯವಾಗುವುದು ಶುಕ್ರವಾರ.

ಅಂದರೆ ಎರಡು ಮಂಗಳವಾರ ಬೆನ್ನಿಗೆ ಬೆನ್ನು. ಸೋಮವಾರ ಶೇವ್ ಮಾಡಿದರೆ ಮತ್ತೆ ಬುಧವಾರವೇ, ನಡುವೆ ಎರಡು ದಿನದ ಮುಳ್ಳು. ಎರಡನೇ ಮಂಗಳವಾರ ಲೆಕ್ಕಕ್ಕೆ ಬರುತ್ತಾ ಇಲ್ಲವಾ ಅಂತ ನಮ್ಮ ಪುರೋಹಿತರಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಬೆಂಗಳೂರಲ್ಲಿ ಅವತ್ತು ಯಾವ ವಾರವೋ ಅದನ್ನೇ ಹಿಡೀರಿ" ಎಂದರು. ಅಲ್ಲಿ ಬೆಳಿಗ್ಗೆ ಏಳೂವರೆ ದಾಟಿದರೆ ಬೆಂಗಳೂರಲ್ಲಿ ಬುಧವಾರ. ಹಾಗಾಗಿ ಪಾಗೊ ಪಾಗೊದಲ್ಲಿ ಶೇವ್ ಉಂಟು.

ಚೀಲ ಕಟ್ಟಿ ಆಯಿತು. ಹದಿನೈದು ಬ್ಲೇಡು, ಒಂದು ಹೊಸ ಟ್ಯೂಬು, ತಕ್ಕಡಿಯಲ್ಲಿ ತೂಗಿದ ಈ 69 ಗ್ರಾಮಿನದು ಒಂದು, ನೈಲಾನ್ ಬ್ರಷ್ಷು, ಪಟಿಕ, ಸೀಳು ಮಾಡಿದ ಇಂಗಿನ ಡಬ್ಬಿ. ಡಬ್ಬಿ ಎಷ್ಟು ತೊಳೆದರೂ ವಾಸನೆ ಹೋಗಿಲ್ಲ. ಉಳಿದ ಜಾಗದಲ್ಲಿ ನನ್ನಾಕೆ ಎರಡು ಕೆಜಿ ಚಟ್ನಿಪುಡಿ ತುಂಬಿದ್ದಾಳೆ. ಮಲ್ಲಿಗೆಬಳ್ಳಿಯವರೇ, ಅದನ್ನೂ ಆಸ್ಟ್ರೇಲಿಯಾದಲ್ಲಿ ಫಾರ್ಮಿನಲ್ಲಿ ಬರೆಯಬೇಕಾ?

---

ಮಲ್ಲಿಗೆಬಳ್ಳಿ
ಭಾನುವಾರ, ಮಧ್ಯಾಹ್ನ 12:58

ತಿನ್ನುವ ಪದಾರ್ಥ ಯಾವುದೇ ಇದ್ದರೂ ಬರೆಯಲೇಬೇಕು ಅಂಕಲ್. ಆಂಟಿಗೆ ಈಗಲೇ ಹೇಳಿಬಿಡಿ.